ಷರಾ

ಬಾಟಲಿಯನ್ನು ನೀರೊಳಗೇ ತುಂಬಬೇಕು, ನೀರೊಳಗೇ ಮುಚ್ಚಬೇಕು.
ಬೋರಲು ಹಿಡಿದಾಗ ಸಾಸಿವೆಯಷ್ಟು ಗುಳ್ಳೆ ಕಂಡರೂ
ಚೆಲ್ಲು, ಮತ್ತೆ ಮೊದಲಿನಿಂದ.
ಗುಳ್ಳೆ ಅಂದರೆ ಬಾಗಿಲು. ಅದು ಅಲ್ಲಿಂದಲೇ ಹೊರಡುತ್ತದೆ.

ಅದು ಅಂದರೆ ರೇಡಾನ್.
ಕಲ್ಲಿನ ಹೊಟ್ಟೆಯಲ್ಲಿ ಹುಟ್ಟಿ ನೀರಿನ ಕೈಹಿಡಿದು ಬರುವ ಗಾಳಿ.
ಬಣ್ಣವಿಲ್ಲ, ರುಚಿಯಿಲ್ಲ, ಯಾರ ಗೊಡವೆಯೂ ಇಲ್ಲ,
ಮೂರು ದಿನ ಇಪ್ಪತ್ತು ತಾಸಿಗೆ ಇದ್ದುದರಲ್ಲಿ ಅರ್ಧ ಇಲ್ಲ.
ಅದಕ್ಕೇ ಬಾಟಲಿಯ ಮೇಲೆ ಹೆಸರಿಗಿಂತ ಮೊದಲು ವೇಳೆ ಬರೆಯುತ್ತೇನೆ.
ತಡವಾದರೆ ಸೂತ್ರವಿದೆ:
ದಾರಿಯಲ್ಲಿ ಸತ್ತದ್ದನ್ನು ಲೆಕ್ಕದಲ್ಲಿ ಎಬ್ಬಿಸಿ ಕೂರಿಸಬಹುದು.
ಸ್ಕೂಟರ್ ಬಾಂಬೋಳಿ ಏರಿನಲ್ಲಿ ಕೆಟ್ಟ ಸಲ
ನಾನೇ ಎರಡು ಬೆಕೆರೆಲ್ ಎಬ್ಬಿಸಿದ್ದೇನೆ.

ನಾನು ಬಾಯ್ನಾದ ಹುಡುಗಿ. ಅವ್ವ ರೋಣದ ಕಡೆಯಿಂದ
ಡಾಂಬರಿನ ಹಿಂದೆ ಹಿಂದೆ ನಡೆದು ಗೋವೆಗೆ ಬಂದವಳು.
ನಮ್ಮದು ನಡುರಾತ್ರಿ ಮೂರರ ನಲ್ಲಿ, ಹನ್ನೊಂದು ಕೊಡದ ಪಾಳಿ.
ಬಾವಿಯೊಳಗೆ ಬಗ್ಗಿ ನೋಡಿದ್ದು ಸಂಬಳ ಶುರುವಾದ ಮೇಲೆ.

ಆಗಶಿಯ ಏಳನೇ ನಂಬರಿನ ಬಾವಿ ಪಿಯೆದಾದ್ ಬಾಯಿಯದು.
ಚಿರೆಕಲ್ಲಿನ ಕಟ್ಟೆ, ಗೋಡೆಗೆ ಜರಿಗಿಡ, ತಳದಲ್ಲೊಂದು ಆಮೆ.
ವಿಷವಾ? ಅಂತ ಮೊದಲ ಸೋಮವಾರ ಕೇಳಿದಳು.
ಅಲ್ಲ ಬಾಯಿ, ನೀರು ಯಾವ ಸಂದಿಯಿಂದ ಬರುತ್ತದೆ,
ಎಷ್ಟು ಬೇಗ ಬರುತ್ತದೆ, ಅದರ ಸುಳಿವು.
ಅದನ್ನು ಮಿಂಗೇಲ್ ಹೇಳುತ್ತಿದ್ದ, ಅಂದಳು,
ಹಗ್ಗದ ಒದ್ದೆ ಗಂಟು ಎಣಿಸಿ.

ಮಿಂಗೇಲ್ ಹೋಗಿ ಐದು ವರ್ಷ.
ಸಾಂಜಾಂವ್ ಹಬ್ಬದ ದಿನ ಊರ ಗಂಡಸರು ಬಾವಿ ಬಾವಿಗೆ ಹಾರುತ್ತಾರೆ,
ದುಃಖದ ಮನೆಯ ಬಾವಿಯನ್ನು ಬಿಟ್ಟು ಮುಂದೆ ಹೋಗುತ್ತಾರೆ.
ಐದು ಸಲ ಮುಂದೆ ಹೋಗಿದ್ದರು.

ಎಣಿಕೆ ವಾರ ವಾರವೂ ಹನ್ನೆರಡರ ಆಸುಪಾಸು.
ಯಂತ್ರದ ಕೊಳವೆಯಲ್ಲಿ ನೀಲಿ ಹರಳುಗಳಿವೆ,
ತೇವ ಕುಡಿದು ಗುಲಾಬಿಯಾಗುತ್ತವೆ.
ಕಾಯಿಸಿ ಮತ್ತೆ ನೀಲಿ ಮಾಡುವುದು ನನ್ನ ಕೆಲಸ.
ಇಡೀ ನೌಕರಿಯಲ್ಲಿ ನನಗೆ ಖುಷಿ ಕೊಡುವುದು ಅದೇ, ಯಾರಿಗೂ ಹೇಳಿಲ್ಲ.

ಆ ವರ್ಷ ಸಾಂಜಾಂವ್ ಸೋಮವಾರವೇ ಬಿತ್ತು.
ಮಳೆ. ತಲೆಗೆ ಬಳ್ಳಿಯ ಕಿರೀಟ, ಕೈಯಲ್ಲಿ ಫೆನಿ,
ಪಿಯೆದಾದಳ ತಂಗಿಯ ಹೊಸ ಅಳಿಯನನ್ನು ಮುಂದೆ ಮಾಡಿಕೊಂಡು
ಹದಿಮೂರು ಜನ ಅಂಗಳಕ್ಕೆ ನುಗ್ಗಿದರು.
ಬೇಡ ಅನ್ನಲಿಲ್ಲ ಅವಳು. ಹಾರಿ ಅಂತಲೂ ಅನ್ನಲಿಲ್ಲ.
ಕಟ್ಟೆಯ ಮೇಲಿದ್ದ ನನ್ನ ಬಾಟಲಿಗಳನ್ನು ಎತ್ತಿ
ಮಡಿಲಿಗೆ ಹಾಕಿಕೊಂಡಳು.

ವೀವಾ ಸಾಂಜಾಂವ್!
ಧೊಪ್.
ಧೊಪ್, ಧೊಪ್.
ಬಾವಿಯೆಲ್ಲ ಗುಳ್ಳೆ. ಆಮೆ ಎಲ್ಲಿ ಹೋಯಿತೋ.

ಸಂಜೆಯ ಎಣಿಕೆ ಎರಡೂವರೆ.
ಡಾಕ್ಟರ್ ಸರ್ದೇಸಾಯಿ ಕೆಂಪು ಪೆನ್ನು ತೆಗೆದರು: ಕೆಟ್ಟ ಮಾದರಿ, ಹೊಡೆದುಹಾಕು.
ಹೊಡೆದೆ. ಪಕ್ಕದ ಷರಾ ಕಾಲಮ್ಮಿನಲ್ಲಿ ಬರೆದೆ:
ಬಾವಿಗೆ ಹದಿಮೂರು ಜನ ಹಾರಿದ್ದಾರೆ.

ಹೇಳದೆ ಕೇಳದೆ ಮರುದಿನವೂ ಹೋದೆ. ಐದು.
ಬುಧವಾರ ಏಳು. ಗುರುವಾರ ಕರೆಂಟ್ ಇರಲಿಲ್ಲ.
ಶುಕ್ರವಾರ ಒಂಬತ್ತು ದಾಟಿತ್ತು.
ಕಲ್ಲಿನ ಸಂದಿಯಿಂದ ದಿನಕ್ಕೆ ಎಷ್ಟು ಹೊಸ ನೀರು ಬರುತ್ತದೆಂದು
ಒಂದು ವರ್ಷದ ಸೋಮವಾರಗಳು ಹೇಳದ್ದನ್ನು
ಕುಡಿದವರು ಹಾರಿ ಹೇಳಿಸಿದ್ದರು.
ಡಾಕ್ಟರ್ ಹಾಳೆಯನ್ನು ಎರಡು ಸಲ ಓದಿದರು,
ಕೆಂಪು ಪೆನ್ನಿಗೆ ಟೋಪಿ ಹಾಕಿದರು.

ಐದು ವರ್ಷದ ಮೌನವನ್ನು ಅಳೆದೆ ಅಂತ ಬರೆಯುವ ಆಸೆಯಾಯಿತು.
ಸುಳ್ಳು. ನಾಲ್ಕು ದಿನಕ್ಕೆ ಅರ್ಧವಾಗುವಂಥದ್ದು
ಐದು ವರ್ಷವನ್ನು ಕೂಡಿಡುವುದಿಲ್ಲ.

ಮುಂದಿನ ಸೋಮವಾರ ಹನ್ನೊಂದೂವರೆ. ಆಮೆಯೂ ಮೇಲೆ ಬಂದಿತ್ತು.
ಏನು ಬರೆದಿದ್ದೀ, ಓದು, ಅಂದಳು ಪಿಯೆದಾದ್.
ಷರಾವನ್ನು ಕೊಂಕಣಿಯಲ್ಲಿ ಓದಿದೆ.
ಕೊಡದ ಬಾಯಿಗೆ ಹಗ್ಗ ಬಿಗಿಯುತ್ತ, ನನ್ನ ಕಡೆ ನೋಡದೆ,
ಹದಿನಾಲ್ಕು, ಅಂದಳು.
ನೀನು ಹೋದ ಮೇಲೆ.

ವೇಳೆ? ಅಂದೆ ಅಭ್ಯಾಸಬಲದಿಂದ.
ಅದು ಬೇಡ, ಅಂದಳು.

ಹದಿಮೂರು ಹೊಡೆದು ಹದಿನಾಲ್ಕು ಮಾಡಿದೆ.
ತಿದ್ದಿದ ಕಡೆ ಸಹಿ ಇರಬೇಕು, ನಿಯಮ.
ಹಾಕಿದೆ.